1901ರಲ್ಲಿ ಸದಸ್ಯರಾದವರು: ನಮ್ಮ ವಾಚನಾಲಯದ ಹಳೇ ಡೇಟಾಕ್ಕೆ ಏನು ಮಾಡಿದೆವು

ಮುಂಬೈಯ ಸೆಂಟ್ರಲ್ ಲೈನಿನಲ್ಲಿರುವ ನಮ್ಮ ಕನ್ನಡ ಸಂಘದ ವಾಚನಾಲಯ ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ಸಾಫ್ಟ್‌ವೇರ್ ಬಿಟ್ಟು, ವಾಚನಾಲಯಗಳಿಗೆಂದೇ ಇರುವ ಕೋಹಾ ಎಂಬ ಸಾಫ್ಟ್‌ವೇರಿಗೆ ಬಂತು. ಕೋಹಾ ಹಾಕುವುದು ಹೇಗೆಂದು ಇಲ್ಲಿ ಬರೆಯುವುದಿಲ್ಲ. ಡೆಬಿಯನ್ ಲಿನಕ್ಸ್ ಮೇಲೆ ಅದನ್ನು ನಿಲ್ಲಿಸುವ ಕ್ರಮ ಎಲ್ಲ ಕಡೆ ಸಿಗುತ್ತದೆ. ನಮ್ಮ ಹೊತ್ತು ಹೋದದ್ದೆಲ್ಲ ಹಳೇ ಡೇಟಾದ ಹಿಂದೆ: ಯಾವುದನ್ನು ತರುವುದು, ಯಾವುದನ್ನು ಕಟ್ಟಿಡುವುದು, ಯಾವುದನ್ನು ಕೈಬಿಡುವುದು. ಇಂಥದೇ ಕೆಲಸಕ್ಕೆ ಇಳಿದಿರುವ ಬೇರೆ ಸಂಘದವರಿಗೆ ಉಪಯೋಗಕ್ಕೆ ಬಂದೀತು.

ಕಮಿಟಿಯಲ್ಲಿ ಮೊದಲು ಬಂದ ಮಾತು, "ಎಲ್ಲ ಹಾಕಿಬಿಡಿ ಮಾರಾಯ್ರೆ, ಇದ್ದರೆ ಏನು ಭಾರವಾ?" ಡಿಸ್ಕಿನ ಲೆಕ್ಕದಲ್ಲಿ ಕಾರ್ಯದರ್ಶಿಗಳು ಹೇಳಿದ್ದು ಸರಿಯೇ. ಇಡೀ ಡೇಟಾ ಸೇರಿಸಿದರೂ ಮದುವೆಯ ಒಂದು ಮೊಬೈಲ್ ವಿಡಿಯೋದಷ್ಟು ಆಗುವುದಿಲ್ಲ. ಆದರೆ ಭಾರ ಇರುವುದು ಡಿಸ್ಕಿನ ಮೇಲಲ್ಲ, ಕೌಂಟರಿನಲ್ಲಿ ಕೂತವರ ಮೇಲೆ. ಹುಡುಕಿದ ಪುಸ್ತಕ ತೆರೆಯಲ್ಲಿ ಬಂದು ಕಪಾಟಿನಲ್ಲಿ ಇಲ್ಲವೆಂದರೆ ಬೈಸಿಕೊಳ್ಳುವವರು ಅವರು. ಅದೂ ಅಲ್ಲದೆ "ಎಲ್ಲ ಇರಲಿ" ಎಂಬ ತೀರ್ಮಾನವನ್ನು ಈ ವಾಚನಾಲಯ ಹಿಂದೆ ಒಮ್ಮೆ ಮಾಡಿತ್ತು, ಡಾಸ್ ಬಿಟ್ಟು ವಿಂಡೋಸಿಗೆ ಹೋದಾಗ. ಅದರ ಫಲ ಏನಾಯಿತೆಂದು ಕೆಳಗೆ ಬರುತ್ತದೆ.

ಹಾಗಾಗಿ ಡೇಟಾದ ಪ್ರತಿ ಟೇಬಲ್ಲಿಗೂ, ಅಂದರೆ ಪ್ರತಿ ಪಟ್ಟಿಗೂ, ಒಂದೇ ಪ್ರಶ್ನೆ ಹಾಕಿಕೊಂಡೆವು: ಇದನ್ನು ಯಾರು ಕೇಳಿಕೊಂಡು ಬರುತ್ತಾರೆ, ಬಂದು ಏನು ಕೇಳುತ್ತಾರೆ? ಕೌಂಟರಿನಲ್ಲಿ ದಿನಾ ಕೇಳುವುದಾದರೆ ಅದು ಕೋಹಾಕ್ಕೆ. ವರ್ಷಕ್ಕೊಮ್ಮೆ ಆಡಿಟರೋ, ಸ್ಮರಣ ಸಂಚಿಕೆ ಮಾಡುವವರೋ ಕೇಳುವುದಾದರೆ ಕಟ್ಟಿಡುವ ಗಂಟಿಗೆ. ಯಾರೂ ಕೇಳುವುದಿಲ್ಲ ಅಂತಾದರೆ ಅದನ್ನು ಇಟ್ಟುಕೊಳ್ಳಲು ಕಾರಣ ಹೇಳಬೇಕಾದವರು ಇಡಬೇಕು ಎನ್ನುವವರೇ.

ಡಿಸ್ಕಿನಿಂದ ಹೊರಗೆ

ಹಳೆಯ ಪಿಸಿ ಇನ್ನೂ ಆನ್ ಆಗುತ್ತಿತ್ತು. ಆದರೆ ಎಷ್ಟೋ ಮಳೆಗಾಲದ ತೇವ ತಿಂದ ಮದರ್‌ಬೋರ್ಡನ್ನು ನಂಬಿ ಕೂರುವ ಹಾಗಿರಲಿಲ್ಲ. ಡಿಸ್ಕ್ ಬಿಚ್ಚಿದೆವು. ಅಗಲ ಪಟ್ಟಿ ಕೇಬಲ್ಲಿನ ಐಡಿಇ. ಅದನ್ನು ಯುಎಸ್‌ಬಿಗೆ ಸೇರಿಸುವ ಅಡಾಪ್ಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕಿತು. ಪ್ರತ್ಯೇಕ ಪವರ್ ಸಪ್ಲೈ ಜೊತೆಗಿರುವುದನ್ನೇ ಕೇಳಿ ತನ್ನಿ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಒಂದರಿಂದಲೇ ಅದು ತಿರುಗುವುದಿಲ್ಲ.

ಡಿಡಿರೆಸ್ಕ್ಯೂ ಎಂಬ ಸಾಧನ ಹಾಕಿ ಇಡೀ ಡಿಸ್ಕಿನ ಇಮೇಜ್, ಅಂದರೆ ಬೈಟಿಗೆ ಬೈಟು ನಕಲು, ತೆಗೆದು, ಮೂಲ ಡಿಸ್ಕನ್ನು ಕವರಿಗೆ ಹಾಕಿ ಕಪಾಟಿನಲ್ಲಿಟ್ಟೆವು. ಮುಂದಿನದೆಲ್ಲ ಇಮೇಜಿನ ನಕಲಿನ ಮೇಲೆ, ಅದೂ ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ. ಡೇಟಾ ಇರುವ ಡಿಬಿಎಫ್ ಫೈಲನ್ನು ಫಾಕ್ಸ್‌ಪ್ರೋದಲ್ಲೇ ತೆರೆದು ನೋಡುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಹಳೆಯ ಪ್ರೋಗ್ರಾಮಿನ ಮೆನುವಿನಲ್ಲಿ "ಫೈಲ್ ಶುದ್ಧಿ" ಎಂಬ ಆಯ್ಕೆಯೊಂದಿತ್ತು. ಅದು ಒಳಗೆ ಓಡಿಸುವುದು "ಪ್ಯಾಕ್" ಆಜ್ಞೆಯನ್ನು. ವಾಚನಾಲಯ ನೋಡಿಕೊಳ್ಳುವ ಮಾಸ್ಟ್ರು, ರಾತ್ರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಅದನ್ನು ಒಮ್ಮೆಯೂ ಒತ್ತಿರಲಿಲ್ಲ. "ಏನೋ ಅಳಿಸ್ತದೆ ಅಂತ ಕಾಣ್ತದೆ, ನಮಗ್ಯಾಕೆ ಮಾರಾಯ" ಅಂದರು. ಆ ಹೆದರಿಕೆಯಿಂದ ಎಷ್ಟು ಉಪಕಾರವಾಯಿತೆಂದು ಮುಂದೆ ಗೊತ್ತಾಯಿತು.

ಪ್ರೋಗ್ರಾಮನ್ನು ಓಡಿಸಿ ನೋಡಲೇಬೇಕಾಗಿತ್ತು, ಅದಕ್ಕೆಂದೇ ಇನ್ನೊಂದು ನಕಲು ಇಟ್ಟುಕೊಂಡೆವು. ಡಿಬಿಎಫ್‌ನಲ್ಲಿ ಕಾಲಮ್ಮಿನ ಹೆಸರಿಗೆ ಹತ್ತೇ ಅಕ್ಷರ. ಬರೆದವರು ಅದರಲ್ಲೂ ಉಳಿತಾಯ ಮಾಡಿದ್ದರು. "ಎಫ್‌ಎಲ್‌2" ಅಂದರೆ ಏನೆಂದು ಕೋಡಿನಲ್ಲಿ ಎಲ್ಲೂ ಇರಲಿಲ್ಲ. ತೆರೆಯ ಮುಂದೆ ಮಾಸ್ಟ್ರನ್ನು ಕೂರಿಸಿದ ಮೇಲೆ ತಿಳಿಯಿತು: ಅದರಲ್ಲಿ ವೈ ಇದ್ದರೆ ದೇಣಿಗೆಯಾಗಿ ಬಂದ ಪುಸ್ತಕ. ನಿಮ್ಮಲ್ಲೂ ಹಳೆಯ ಸಾಫ್ಟ್‌ವೇರನ್ನು ದಿನಾ ಬಳಸಿದವರು ಸಿಗುವ ಸ್ಥಿತಿಯಲ್ಲಿದ್ದರೆ ಮೊದಲ ಕೆಲಸ ಅವರ ಜೊತೆ ಕೂತು ಒಂದೊಂದು ಕಾಲಮ್ಮಿಗೂ ಒಂದೊಂದು ವಾಕ್ಯ ಬರೆಸಿಕೊಳ್ಳುವುದು. ಕೋಡ್ ಆಮೇಲೆ.

ಒಂದೇ ಫೈಲಿನಲ್ಲಿ ಎರಡು ಕನ್ನಡ

ಪೈಥಾನ್ ಭಾಷೆಯ ಡಿಬಿಎಫ್‌ರೀಡ್ ಎಂಬ ಸಾಧನದಿಂದ ಫೈಲು ಓದುವುದೇನೋ ಸುಲಭ. ಎನ್‌ಕೋಡಿಂಗ್ (ಯಾವ ಬೈಟು ಯಾವ ಅಕ್ಷರ ಎಂಬ ಸಂಕೇತಪಟ್ಟಿ) ಜಾಗದಲ್ಲಿ ಲ್ಯಾಟಿನ್-1 ಕೊಡಿ. ವಿಂಡೋಸಿನ 1252 ಕೋಡ್‌ಪೇಜಿನಲ್ಲಿ ಐದು ಬೈಟುಗಳಿಗೆ ಅರ್ಥವೇ ಇಲ್ಲ, ಅಲ್ಲಿ ಓದು ನಿಲ್ಲುತ್ತದೆ. ಲ್ಯಾಟಿನ್-1 ಎಲ್ಲ 256 ಬೈಟನ್ನೂ ತಕರಾರಿಲ್ಲದೆ ದಾಟಿಸುತ್ತದೆ.

ಓದಿದ ಮೇಲೆ ಕಂಡದ್ದು ಬೇರೆಯೇ ಕಥೆ. ಡಾಸ್ ಕಾಲದಲ್ಲಿ ವಾಚನಾಲಯದ ಪಿಸಿಯಲ್ಲಿ ಕೇಂದ್ರ ಸರ್ಕಾರದ ಗಣಕ ಸಂಸ್ಥೆ ಸಿಡ್ಯಾಕ್‌ನ ಜಿಸ್ಟ್ ಕಾರ್ಡ್ ಇತ್ತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದ ಆ ತಂತ್ರದಿಂದ ಡಾಸ್‌ನ ಫಾಕ್ಸ್‌ಪ್ರೋದಲ್ಲೂ ಕನ್ನಡ ಬರೆಯಬಹುದಿತ್ತು. ಫೈಲಿನಲ್ಲಿ ಉಳಿಯುತ್ತಿದ್ದುದು ಇಸ್ಕಿ, ಅಂದರೆ 1991ರ ಭಾರತೀಯ ಮಾನಕ 13194ರ ಸಂಕೇತ. ಮುಂದೆ ವಿಂಡೋಸ್ ಬಂತು, ಕಾರ್ಡ್ ಹೋಯಿತು. ಹೊಸ ನಮೂದುಗಳನ್ನು ಅದೇ ಟೇಬಲ್ಲಿನಲ್ಲಿ ನುಡಿ-ಬರಹ ಮಾದರಿಯ ಫಾಂಟಿನಲ್ಲಿ ಮಾಡುತ್ತ ಹೋದರು. ಹಳೆಯದನ್ನು ಪರಿವರ್ತಿಸಲಿಲ್ಲ, ತೆಗೆಯಲೂ ಇಲ್ಲ, ಎಲ್ಲ ಇರಲಿ ಎಂದು ಬಿಟ್ಟರು. ವಿಂಡೋಸ್ ತೆರೆಯಲ್ಲಿ ಆ ಹಳೆಯ ಅರ್ಧ ಬರೀ ಕಲಸುಮೇಲೋಗರ. ಅಷ್ಟು ವರ್ಷ ಆ ಪುಸ್ತಕಗಳು ಕಪಾಟಿನಲ್ಲಿದ್ದೂ ಹುಡುಕಾಟಕ್ಕೆ ಸಿಗದವು. ಮಾಸ್ಟ್ರ ನೆನಪೇ ಅವುಗಳ ಕ್ಯಾಟಲಾಗ್ ಆಗಿತ್ತು.

ಎರಡರ ವ್ಯತ್ಯಾಸ ತಿಳಿಯಲು "ಕನ್ನಡ" ಎಂಬ ಒಂದು ಪದ ಸಾಕು. ಫಾಂಟ್ ಇಲ್ಲದೆ ತೆರೆದರೆ ವಿಂಡೋಸ್ ಕಾಲದ ಸಾಲಿನಲ್ಲಿ ಅದು ಹೀಗಿರುತ್ತದೆ: ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಗೀಟಿನ ಎ. ಏಳು ಬೈಟು. ಫಾಂಟು ಕೂಡಿಸುವುದು ಅಕ್ಷರದ ಚೂರುಗಳನ್ನು. ಪಿ ಅಂದರೆ ತಲೆಕಟ್ಟಿಲ್ಲದ ಕ, ಗೀಟಿನ ಎ ಅಂದರೆ ತಲೆಕಟ್ಟು, ಜೋಡಿ ಎಸ್ ಅಂದರೆ ನ-ಒತ್ತು. ಯೂನಿಕೋಡಿನಲ್ಲಿ ಅದೇ ಪದ ಐದೇ ಸಂಕೇತ: ಕ, ನ, ವಿರಾಮ, ನ, ಡ. ಇಸ್ಕಿಯಲ್ಲೂ ಹೀಗೆಯೇ, ಉಚ್ಚಾರದ ಕ್ರಮದಲ್ಲಿ ಐದು ಬೈಟು. ಹಾಗಾಗಿ ತೀರಾ ಹಳೆಯ ಡೇಟಾವೇ ಪರಿವರ್ತನೆಗೆ ತೀರಾ ಸುಲಭ. ಐಸಿಯು ಎಂಬ ಯೂನಿಕೋಡ್ ಸಾಫ್ಟ್‌ವೇರಿನಲ್ಲಿ ಇಸ್ಕಿಗೆ ಸಿದ್ಧ ಪರಿವರ್ತಕವಿದೆ, ವಿಂಡೋಸಿನಲ್ಲಿ ಕನ್ನಡ ಇಸ್ಕಿಗೆ 57008 ಎಂಬ ಕೋಡ್‌ಪೇಜೇ ಇದೆ. ಅಷ್ಟೊಂದು ಸಾಲು ಒಂದು ಸಂಜೆಯಲ್ಲಿ ಕನ್ನಡವಾಗಿ ಎದ್ದು ಕೂತವು.

ಯಾವ ಸಾಲು ಯಾವ ಜಾತಿ ಎಂದು ಕಂಡುಹಿಡಿಯುವುದಕ್ಕೆ ಒಂದು ಉಪಾಯ ಚೆನ್ನಾಗಿ ನಡೆಯಿತು. ಆ ಗೀಟಿನ ಎ ಇದೆಯಲ್ಲ, ಅದು 192ನೇ ಬೈಟು. ಫಾಂಟ್ ಬರಹದಲ್ಲಿ ಅದು ತಲೆಕಟ್ಟು, ಎಲ್ಲಕ್ಕಿಂತ ಹೆಚ್ಚು ಬಳಕೆಯ ಚೂರುಗಳಲ್ಲಿ ಒಂದು. ಇಸ್ಕಿಯಲ್ಲಿ ಅದೇ 192 ಅಂದರೆ ಢ. ಕನ್ನಡದ ಪುಸ್ತಕದ ಹೆಸರಿನಲ್ಲಿ ಢ ಎಷ್ಟು ಸಲ ಬಂದೀತು? ಒಂದು ಸಾಲಿನಲ್ಲಿ ಇಂಗ್ಲಿಷ್ ಅಕ್ಷರದ ಬೆನ್ನಿಗೇ 192 ಮತ್ತೆ ಮತ್ತೆ ಬಂದರೆ ಫಾಂಟು, ಕನ್ನಡದ ಬೈಟುಗಳೆಲ್ಲ 160ಕ್ಕಿಂತ ಮೇಲಿದ್ದು 192 ಕಾಣದಿದ್ದರೆ ಇಸ್ಕಿ. ಬಹುಪಾಲು ಸಾಲುಗಳು ಹೀಗೇ ಬೇರ್ಪಟ್ಟವು. ಒಂದೆರಡು ಅಕ್ಷರದ ಹೆಸರುಗಳನ್ನು ಕಣ್ಣಲ್ಲೇ ನೋಡಿದೆವು.

ಫಾಂಟ್ ಸಾಲುಗಳೇ ಬೆವರಿಳಿಸಿದ್ದು. ಚೂರಿಗೆ ಚೂರು ಬದಲಿಸಿದರೆ ಆಗಲಿಲ್ಲ, ಅರ್ಕಾವೊತ್ತು ಕಾಡುತ್ತದೆ. ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿಗೆ ಮಾತಿನ ಜಾಗದಲ್ಲಿ, ಅಕ್ಷರದ ಮೊದಲು ಬೇಕು. ಹಿಂದಕ್ಕೆ ದಾಟಿಸದೆ ಬಿಟ್ಟರೆ "ಕಾರ್ಯಕ್ರಮ" ಹೋಗಿ "ಕಾಯರ್ಕ್ರಮ" ಆಗುತ್ತದೆ. ಒಂದೇ ಹೆಜ್ಜೆ ದಾಟಿಸಿದರೆ "ಸಾಮರ್ಥ್ಯ"ದ ಜಾಗದಲ್ಲಿ "ಸಾಮಥ್ರ್ಯ" ಬರುತ್ತದೆ. ಸುದ್ದಿತಾಣಗಳಲ್ಲಿ ಈ ಎರಡನ್ನೂ ನೀವು ಕಂಡೇ ಇರುತ್ತೀರಿ, ಅವು ಇದೇ ಪರಿವರ್ತನೆಯ ಕಸ. ಒತ್ತು, ಸ್ವರಚಿಹ್ನೆ ಎಲ್ಲ ಸೇರಿದ ಇಡೀ ಅಕ್ಷರವನ್ನು ಒಂದು ತುಂಡಾಗಿ ಹಿಡಿದು ಅದರ ಮುಂದಕ್ಕೆ ರ್ ಒಯ್ಯಬೇಕು.

ಇನ್ನೊಂದು ಸೂಕ್ಷ್ಮ ಓಕಾರದ್ದು. ಫಾಂಟಿನಲ್ಲಿ ಕೋ ಎಂಬುದು ಮೂರು ಚೂರಿನ ಜೋಡಣೆ: ಎತ್ವ, ಕೊಂಬಿನ ಕೊಂಡಿ, ದೀರ್ಘ. ಚೂರಿಗೊಂದು ಯೂನಿಕೋಡ್ ಚಿಹ್ನೆ ಇಟ್ಟರೆ ತೆರೆಯ ಮೇಲೆ ಕೋ ಎಂದೇ ಕಾಣುತ್ತದೆ, ಆದರೆ ಕೀಬೋರ್ಡಿನಿಂದ ಟೈಪ್ ಮಾಡಿದ ಕೋ ಒಂದೇ ಚಿಹ್ನೆಯದ್ದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಎಲ್ಲವನ್ನೂ ಯೂನಿಕೋಡಿನದೇ ಕ್ರಮವಾದ ಎನ್‌ಎಫ್‌ಸಿ ನಾರ್ಮಲೈಸೇಷನ್ ಮೂಲಕ ಹಾಯಿಸಿದರೆ ಮೂರೂ ಕೂಡಿ ಒಂದಾಗುತ್ತವೆ. ಕೋಹಾದ ಕಡೆಯೂ ಅದರ ಹುಡುಕಾಟದ ಎಂಜಿನ್ ಝೆಬ್ರಾಕ್ಕೆ ಐಸಿಯು ಇಂಡೆಕ್ಸಿಂಗ್ ಆನ್ ಮಾಡಿಕೊಳ್ಳಿ. ಮೊದಲಿದ್ದ ಹಾಗೆ ಬಿಟ್ಟರೆ ಅದು ಕನ್ನಡಕ್ಕೆ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಪರಿವರ್ತನೆ ಆದಮೇಲೆ ಅನುಮಾನದ ಸಾಲುಗಳನ್ನು ಆರಿಸಲು ಸಣ್ಣ ಜರಡಿ ಸಾಕಾಯಿತು: ಉಳಿದುಕೊಂಡ ಗೀಟಿನ ಅಕ್ಷರ, ಅಕ್ಕಪಕ್ಕದಲ್ಲಿ ಎರಡು ಸ್ವರಚಿಹ್ನೆ, ಪದದ ಮೊದಲಲ್ಲೇ ಒತ್ತು. ಸಿಕ್ಕಿಬಿದ್ದವನ್ನು ಪ್ರಿಂಟ್ ತೆಗೆದು ಮಾಸ್ಟ್ರಿಗೆ ಕೊಟ್ಟೆವು. ಅವರು ಕೆಂಪು ಪೆನ್ನಿನಲ್ಲಿ ತಿದ್ದಿದ್ದಷ್ಟೇ ಅಲ್ಲ, ಕೆಲವಕ್ಕೆ ಅಂಕವನ್ನೂ ಹಾಕಿದ್ದರು.

ಮೂರನೆಯ ಜಾತಿಯೂ ಒಂದಿತ್ತು, ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತೋಚಿದಂತೆ ಹೊಡೆದದ್ದು. ಹಳ್ಳಿಯೋ ಹಲ್ಲಿಯೋ ಎಂದು ಯಾವ ಪ್ರೋಗ್ರಾಮೂ ಹೇಳಲಾರದು. ಇವಕ್ಕೆ ನಿಯಮ: ಪುಸ್ತಕ ಕೈಯಲ್ಲಿದ್ದರೆ ಮುಖಪುಟ ನೋಡಿ ಹೊಸದಾಗಿ ಟೈಪ್ ಮಾಡುವುದು, ಇಲ್ಲದಿದ್ದರೆ ಬಿಡುವುದು.

ನಕ್ಷತ್ರ ಬಿದ್ದ ಸಾಲುಗಳು

ಡಿಬಿಎಫ್‌ನಲ್ಲಿ ಪ್ರತಿ ದಾಖಲೆಯ ಮೊದಲ ಬೈಟು ಒಂದು ಗುರುತು. ಖಾಲಿ ಇದ್ದರೆ ದಾಖಲೆ ಚಾಲ್ತಿಯಲ್ಲಿದೆ, ನಕ್ಷತ್ರ ಇದ್ದರೆ ಅಳಿಸಲಾಗಿದೆ. ಅಳಿಸಿದ್ದೆಂದರೆ ತೆರೆಯಲ್ಲಿ ತೋರಿಸಬೇಡ ಎಂದಷ್ಟೆ ಅರ್ಥ, ಪ್ಯಾಕ್ ಆಜ್ಞೆ ಓಡುವವರೆಗೂ ಅದು ಫೈಲಿನಲ್ಲೇ ಕೂತಿರುತ್ತದೆ. ಡಿಬಿಎಫ್‌ರೀಡ್ ಅವನ್ನು ತಾನಾಗಿ ಕೊಡುವುದಿಲ್ಲ, ಬೇರೆಯಾಗಿ ಕೇಳಿ ಪಡೆಯಬೇಕು. ಕೇಳಿದೆವು. ಸಾಲುಸಾಲಾಗಿ ಬಂದವು, ಹೆಚ್ಚಿನವು ಒಂದೇ ಕಪಾಟಿನ ಅಕ್ಕಪಕ್ಕದ ನಂಬರಿನವು.

ಮಾಸ್ಟ್ರು ಪಟ್ಟಿ ನೋಡಿದ ಕೂಡಲೇ, "ಇದು ಆ ಮಳೆಯದ್ದು" ಅಂದರು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದ ಮಳೆ. ವಾಚನಾಲಯದ ನೆಲಮಹಡಿಗೆ ನೀರು ನುಗ್ಗಿ ಕಪಾಟಿನ ಕೆಳಗಿನ ಹಲಗೆಗಳೂ, ಅಲ್ಲೇ ಇಟ್ಟಿದ್ದ, ಬಂದ ಪುಸ್ತಕಕ್ಕೆಲ್ಲ ನಂಬರು ಹಾಕಿ ಬರೆಯುವ ಅಕ್ಸೆಷನ್ ರಿಜಿಸ್ಟರೂ ಮುದ್ದೆಯಾದವು. ಕಂಪ್ಯೂಟರ್ ಮೇಜಿನ ಮೇಲಿದ್ದುದರಿಂದ ಉಳಿಯಿತು. ನೀರಿಳಿದ ಮೇಲೆ ಹಾಳಾದ ಪುಸ್ತಕಗಳನ್ನು ಒಂದೊಂದಾಗಿ ಕಂಪ್ಯೂಟರಿನಿಂದ ತೆಗೆದವರು ಅವರೇ. ಕಾಗದದ ರಿಜಿಸ್ಟರ್ ಇಲ್ಲವಾದ ಕಾರಣ, ಏನೇನು ಹೋಯಿತು ಎಂಬುದಕ್ಕೆ ಇರುವ ಒಂದೇ ಪಟ್ಟಿ ಈ ನಕ್ಷತ್ರದ ಸಾಲುಗಳು.

ಇವನ್ನು "ಹಿಂತೆಗೆದದ್ದು" ಎಂಬ ಸ್ಥಿತಿಯಲ್ಲಿ ಕೋಹಾಕ್ಕೆ ಹಾಕಬಹುದಿತ್ತು. ಬೇಡವೆಂದೆವು. ಓದುಗರಿಗೆ ಕಾಣುವ ಕ್ಯಾಟಲಾಗಿನಲ್ಲಿ ಇಲ್ಲದ ಪುಸ್ತಕ ತೋರಿಸಿ ಪ್ರಯೋಜನವಿಲ್ಲ. ಬದಲಿಗೆ ಬೇರೆ ಪಟ್ಟಿ ಮಾಡಿ ಬಾಗಿಲಿನ ಬಳಿ ಅಂಟಿಸಿದೆವು, ತಲೆಬರಹ "ನಮ್ಮಲ್ಲಿ ಇಲ್ಲದವು, ನಿಮ್ಮಲ್ಲಿದ್ದರೆ ಕೊಡಿ". ಮುಂಬೈಯಲ್ಲಿ ಹಿರಿಯರ ಕಾಲವಾದ ಮೇಲೆ ಮನೆ ಖಾಲಿ ಮಾಡುವ ಮಕ್ಕಳು ಚೀಲಗಟ್ಟಲೆ ಕನ್ನಡ ಪುಸ್ತಕ ತಂದು ಸಂಘಕ್ಕೆ ಸುರಿಯುತ್ತಾರೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದು ಐದನೆಯ ಪ್ರತಿ ಎಂದು ಹೇಳಲು ಈಗ ಒಂದು ಆಧಾರವಾಯಿತು.

ಸದಸ್ಯರು, ಠೇವಣಿ, ದಂಡ

ಸದಸ್ಯರ ಟೇಬಲ್ ಪ್ರಕಾರ ನಮ್ಮ ಸಂಘಕ್ಕೆ 1901ರಲ್ಲಿ ಸೇರಿದವರು ಬಹಳ. ಸಂಘವೇ ಹುಟ್ಟಿರದ ಕಾಲ ಅದು. ಹಳೆಯ ಪ್ರೋಗ್ರಾಮ್ ಎರಡಂಕಿಯ ವರ್ಷ ತೆಗೆದುಕೊಂಡು ಮುಂದೆ ತಾನೇ 19 ಹಾಕುತ್ತಿತ್ತು. 2001ರಲ್ಲಿ ಬಂದವರೆಲ್ಲ ಅಜ್ಜಂದಿರಾಗಿಬಿಟ್ಟರು. 1950ಕ್ಕಿಂತ ಹಿಂದಿನ ಎಲ್ಲ ಸೇರ್ಪಡೆಯ ತಾರೀಖಿಗೂ ನೂರು ವರ್ಷ ಕೂಡಿಸಿದೆವು. ತಮಾಷೆಯೆಂದರೆ ಕೋಹಾ ಹುಟ್ಟಿದ್ದೇ ಇಂಥ ಕಾರಣಕ್ಕೆ: ನ್ಯೂಜಿಲೆಂಡಿನ ಹೊರೊಫೆನುವಾ ಲೈಬ್ರರಿ ಟ್ರಸ್ಟಿನ ಹಳೆಯ ವ್ಯವಸ್ಥೆ 2000ನೇ ಇಸವಿ ದಾಟಲಾರದೆಂದು 1999ರಲ್ಲಿ ಇದನ್ನು ಬರೆಸಿದರು.

ಫೋನ್ ಕಾಲಮ್ಮಿಗೆ ಏಳೇ ಅಂಕಿಯ ಜಾಗ. ಮುಂಬೈ ನಂಬರುಗಳಿಗೆ ಮುಂದೆ 2 ಸೇರಿ ಎಂಟಂಕಿ ಆದಾಗ ಹಿಡಿಸಲಿಲ್ಲ, ಆಮೇಲೆ ಮೊಬೈಲ್ ಬಂದಾಗ ಕೇಳುವುದೇ ಬೇಡ. ನಂಬರುಗಳೆಲ್ಲ ವಿಳಾಸದ ಮೂರನೇ ಸಾಲಿನಲ್ಲಿ ಹೋಗಿ ಕೂತಿದ್ದವು, "ಬಾಂಬೆ 400 019" ಎಂಬುದರ ಪಕ್ಕದಲ್ಲಿ. ಹತ್ತಂಕಿಯವನ್ನು ಹೆಕ್ಕಿ ತೆಗೆದೆವು, ಲ್ಯಾಂಡ್‌ಲೈನ್ ನಂಬರುಗಳನ್ನು ಬಿಟ್ಟೆವು.

ಕೋಹಾಕ್ಕೆ ಬಂದವರು ಆಜೀವ ಸದಸ್ಯರು ಮತ್ತು ಕಳೆದ ಮೂರು ವರ್ಷದಲ್ಲಿ ನವೀಕರಿಸಿದವರು ಮಾತ್ರ. ಉಳಿದವರನ್ನು ಪೂರ್ತಿ ಅಳಿಸುವುದೆಂದು ಮೊದಲು ಯೋಚನೆಯಿತ್ತು. ಆದರೆ ಪ್ರತಿಯೊಬ್ಬರ ಹೆಸರಿನಲ್ಲೂ ₹50, ₹100 ಠೇವಣಿ ಇದೆ. ಹಿಂದಿರುಗಿಸಬೇಕಾದ ಹಣ. ಸಂಘದ ಲೆಕ್ಕದಲ್ಲಿ ಅದು ಸಾಲ. ಹತ್ತು ವರ್ಷದಿಂದ ಮುಖ ತೋರಿಸದವರ ₹50 ಕೂಡ ನಮ್ಮದಲ್ಲ. ಆಡಿಟರ್ ಹೇಳಿದಂತೆ ಠೇವಣಿಯ ಮೊತ್ತ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹೋಯಿತು. ಹೆಸರು, ಸದಸ್ಯ ನಂಬರು, ಮೊತ್ತ ಇಷ್ಟೇ ಇರುವ ಪಟ್ಟಿ ಖಜಾಂಚಿಗಳ ಬಳಿ. ಅವರ ವಿಳಾಸ, ಉದ್ಯೋಗ, ಹುಟ್ಟಿದ ದಿನ ಕೈಬಿಟ್ಟೆವು. ಕೆಲಸ ಮುಗಿದ ಮೇಲೂ ವೈಯಕ್ತಿಕ ಮಾಹಿತಿಯನ್ನು ಇಟ್ಟುಕೊಂಡಿರಬಾರದು ಎಂಬುದು 2023ರ ಡೇಟಾ ಸಂರಕ್ಷಣಾ ಕಾಯಿದೆಯ ಆಶಯ. ಕಾಯಿದೆ ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ದಂಡದ ಬಾಕಿ: ಕಮಿಟಿಯಲ್ಲಿ ಠರಾವು ಮಾಡಿ ಎಲ್ಲ ಮನ್ನಾ. ತೀರಿಹೋದವರ ಹೆಸರಿನಲ್ಲಿ ದಿನಕ್ಕೆ ಹತ್ತು ಪೈಸೆಯಂತೆ ದಂಡ ಇನ್ನೂ ಏರುತ್ತಲೇ ಇತ್ತು.

ಯಾರು ಏನು ಓದಿದರು

ಹೆಚ್ಚು ಚರ್ಚೆಯಾದದ್ದು ಕೊಡು-ಪಡೆಯ ಟೇಬಲ್ಲಿನ ಮೇಲೆ. ಕಂಪ್ಯೂಟರ್ ಬಂದಂದಿನಿಂದ ಯಾರು ಯಾವ ಪುಸ್ತಕ ಒಯ್ದರು ಎಂಬುದೆಲ್ಲ ಅಲ್ಲಿದೆ. ಸಂಘದ ಇತಿಹಾಸ ಬರೆಯಬೇಕೆಂದಿರುವ ಹಿರಿಯರೊಬ್ಬರು ಇದು ಬೇಕೇ ಬೇಕು ಅಂದರು. ಯುವ ವಿಭಾಗದ ಒಬ್ಬ ತಂಗಿ ಕೇಳಿದಳು, "ಅಂಕಲ್, ನಾನು ಹೈಸ್ಕೂಲಿನಲ್ಲಿ ಏನೇನು ಓದಿದೆ ಅಂತ ಕಮಿಟಿಯವರು ನೋಡಬೇಕಾ?" ಸಭೆ ಸ್ವಲ್ಪ ಹೊತ್ತು ಚಹಾದ ಕಡೆ ತಿರುಗಿತು.

ಇಬ್ಬರಿಗೂ ಒಪ್ಪುವ ದಾರಿ ಸಿಕ್ಕಿತು. ಪುಸ್ತಕಕ್ಕೆ ಎಷ್ಟು ಸಲ ಹೋಗಿದೆ ಎಂಬ ಎಣಿಕೆ ಬೇಕು, ಓದಿದವರ ಹೆಸರು ಬೇಡ. ಕೋಹಾದಲ್ಲಿ ಪ್ರತಿಯೊಂದು ಪ್ರತಿಯ ವಿವರ ಇಡುವ 952ನೇ ಟ್ಯಾಗಿನಲ್ಲಿ ಒಟ್ಟು ಎರವಲಿನ ಸಂಖ್ಯೆಗೆ ಜಾಗವೇ ಇದೆ, ಎಣಿಕೆ ಅಲ್ಲಿಗೆ ಹೋಯಿತು. ಇತಿಹಾಸಕ್ಕೆಂದು ಸದಸ್ಯ ನಂಬರು ತೆಗೆದ ಪಟ್ಟಿ ಗಂಟಿಗೆ ಸೇರಿತು: ಪುಸ್ತಕ ಮತ್ತು ವರ್ಷ, ಅಷ್ಟೇ. ಯಾವ ದಶಕದಲ್ಲಿ ಕಾದಂಬರಿ ಇಳಿದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಏರಿತೆಂದು ಅದರಿಂದಲೇ ತಿಳಿಯುತ್ತದೆ. ಬದಲಾವಣೆಯ ದಿನ ಹೊರಗಿದ್ದ ಪುಸ್ತಕಗಳನ್ನು ಮಾತ್ರ ಪ್ರೋಗ್ರಾಮಿನಿಂದ ತರದೆ ಕೈಯಿಂದಲೇ ಕೋಹಾದಲ್ಲಿ ಹೊಸದಾಗಿ ಕೊಟ್ಟಂತೆ ನಮೂದಿಸಿದೆವು. ಗಣೇಶ ಚತುರ್ಥಿಯ ರಜೆಗೆ ವಾಚನಾಲಯ ಮುಚ್ಚಿದಾಗ ಹೊರಗಿರುವ ಪುಸ್ತಕ ಕಡಿಮೆ, ಅದಕ್ಕೇ ಆ ವಾರ ಆರಿಸಿದ್ದು.

ಷರಾ ಕಾಲಮ್ಮಿನ ಬಗ್ಗೆ ಒಂದು ಮಾತು. ಅದು ಮೆಮೊ ಫೀಲ್ಡ್, ಪಠ್ಯ ಇರುವುದು ಡಿಬಿಎಫ್‌ನಲ್ಲಲ್ಲ, ಪಕ್ಕದ ಎಫ್‌ಪಿಟಿ ಫೈಲಿನಲ್ಲಿ. ಡಿಬಿಎಫ್‌ನಲ್ಲಿ ಬರೀ ಬ್ಲಾಕ್ ನಂಬರು. ಎಷ್ಟೋ ಕಡೆ ಬ್ಯಾಕಪ್ ಮಾಡುವವರು ಡಿಬಿಎಫ್ ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುತ್ತಾರೆ, ಷರಾ ಎಲ್ಲ ಹೋದಂತೆಯೇ. ನಮ್ಮಲ್ಲಿ ಎರಡೂ ಉಳಿದಿದ್ದವು. ಅದರಲ್ಲಿ "ಲೇಖಕರ ಸಹಿ ಇದೆ", "ರಟ್ಟು ಹೋಗಿದೆ", "ಇವರ ತಂದೆಯವರ ಸ್ಮರಣಾರ್ಥ" ಎಂಬಂಥವು. ದಾನಿಗಳ ಮಕ್ಕಳು ವರ್ಷಕ್ಕೆ ಒಬ್ಬಿಬ್ಬರಾದರೂ ಬಂದು "ಅಪ್ಪ ಕೊಟ್ಟದ್ದು ಎಲ್ಲಿದೆ" ಎನ್ನುತ್ತಾರೆ. ಈ ಮೂರೂ ಬಗೆಯ ಷರಾ ಕೋಹಾಕ್ಕೆ ಬಂದವು, ದಾನಿಯ ಹೆಸರು ಪುಸ್ತಕ ಬಂದ ಮೂಲದ ಜಾಗದಲ್ಲಿ. "ಕೇಳಬೇಕು", "ನಾಳೆ ನೋಡುವುದು" ಎಂಬ ಷರಾಗಳು ಬರಲಿಲ್ಲ.

ಕಟ್ಟಿಟ್ಟ ಗಂಟು

ಗಂಟಿನಲ್ಲಿರುವುದು: ಪುಸ್ತಕಗಳ ಮೂಲ ಡಿಬಿಎಫ್ ಮತ್ತು ಎಫ್‌ಪಿಟಿ, ಪರಿವರ್ತಿಸಿದ ಸಿಎಸ್‌ವಿ, ಅದೇ ಡೇಟಾದ ಎಸ್‌ಕ್ಯುಲೈಟ್ ಫೈಲು, ಮಾಸ್ಟ್ರು ಬರೆಸಿದ ಕಾಲಮ್ ವಿವರಣೆಯ ಸಾದಾ ಪಠ್ಯ, ಪರಿವರ್ತನೆಯ ಸ್ಕ್ರಿಪ್ಟು, ಎಲ್ಲದರ ಶಾ-256 ಮೊತ್ತ (ಫೈಲು ಬದಲಾಗಿಲ್ಲವೆಂದು ತಾಳೆ ನೋಡುವ ಗುರುತು). ಮೂಲವನ್ನು ಇಡಲೇಬೇಕು. ನಮ್ಮ ಪರಿವರ್ತನೆಯ ಕೋಷ್ಟಕದಲ್ಲಿ ಯಾವುದೋ ಒತ್ತಕ್ಷರ ಅದಲು ಬದಲಾಗಿದ್ದರೆ ನಾಳೆ ಸರಿಪಡಿಸುವುದಕ್ಕೆ ಬೇರೆ ಆಧಾರವಿಲ್ಲ. ಸದಸ್ಯರ ಮತ್ತು ಕೊಡು-ಪಡೆಯ ಮೂಲ ಫೈಲುಗಳನ್ನು ಮಾತ್ರ ಪಾಸ್‌ವರ್ಡ್ ಹಾಕಿ ಬೇರೆಯಿಟ್ಟಿದ್ದೇವೆ, ಮುಂದಿನ ಆಡಿಟ್ ಮುಗಿದೊಡನೆ ಅವನ್ನೂ ಡಿಸ್ಕ್ ಇಮೇಜನ್ನೂ ಅಳಿಸಿ ಹಳೆಯ ಡಿಸ್ಕನ್ನು ಒಡೆಯುವುದೆಂದು ಠರಾವಿನಲ್ಲೇ ಇದೆ.

ಸಿಎಸ್‌ವಿಯನ್ನು ಯುಟಿಎಫ್-8ರಲ್ಲಿ ಬಿಒಎಂ (ಇದು ಯೂನಿಕೋಡ್ ಎಂದು ಫೈಲಿನ ಮೊದಲಲ್ಲೇ ಹೇಳುವ ಗುರುತು) ಸಹಿತ ಉಳಿಸಿ, ಇಲ್ಲವಾದರೆ ಎಕ್ಸೆಲ್‌ನಲ್ಲಿ ತೆರೆದವರು ಕನ್ನಡ ಹಾಳಾಗಿದೆ ಎಂದು ಫೋನ್ ಮಾಡುತ್ತಾರೆ. ಎಕ್ಸೆಲ್‌ಗೆ ಇನ್ನೊಂದು ಚಟವಿದೆ, ನಂಬರಿನ ಮುಂದಿನ ಸೊನ್ನೆ ತಿನ್ನುವುದು. ನಮ್ಮ ಅಕ್ಸೆಷನ್ ನಂಬರು ಆರಂಕಿಯದು, ಮುಂದೆ ಸೊನ್ನೆಗಳಿರುವುದು. ಅದನ್ನೇ ಬಾರ್‌ಕೋಡ್ ಮಾಡಿರುವುದರಿಂದ ಒಂದು ಸೊನ್ನೆ ಹೋದರೂ ಸ್ಕ್ಯಾನರ್ ಪುಸ್ತಕ ಇಲ್ಲ ಎನ್ನುತ್ತದೆ. ಕೋಹಾಕ್ಕೆ ಹಾಕುವ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡಿ.

ಬಾಕಿ ಇರುವುದು ಲೇಖಕರ ಹೆಸರು. ಕಾವ್ಯನಾಮ ಒಂದು ಕಡೆ, ಸ್ವಂತ ಹೆಸರು ಇನ್ನೊಂದು ಕಡೆ, ಇನಿಷಿಯಲ್ ಹಿಂದೆ ಒಮ್ಮೆ, ಮುಂದೆ ಒಮ್ಮೆ. ಅದನ್ನು ಒಗ್ಗೂಡಿಸುವ ಕೆಲಸ ನಡೆದಿದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಹೆಸರುಗಳೂ ಅರ್ಧ ಉಳಿದಿವೆ. ನಮ್ಮ ಪರಿವರ್ತನೆಯ ಕೋಷ್ಟಕ ಬೇಕಾದವರಿಗೆ ಧಾರಾಳವಾಗಿ ಕೊಡುತ್ತೇನೆ, ಆದರೆ ನಿಮ್ಮ ಡೇಟಾ ಯಾವ ಫಾಂಟಿನದ್ದೆಂದು ಮೊದಲು ಖಚಿತ ಮಾಡಿಕೊಳ್ಳಿ. ಇದು ನುಡಿ, ಬರಹದ ಜಾತಿಗೆ ಮಾತ್ರ. ಶ್ರೀಲಿಪಿ, ಆಕೃತಿ ಫಾಂಟುಗಳ ಚೂರುಗಳು ಬೇರೆ ಬೈಟುಗಳಲ್ಲಿ ಕೂತಿರುತ್ತವೆ, ಅವಕ್ಕೆ 192ರ ಉಪಾಯವೂ ನಡೆಯುವುದಿಲ್ಲ.